ಸಭೆಗೆ ಅಂಜಿದವನ ಸಂಗೀತ

ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿ ಬಂದ ತಂದೆತಾಯಿಯರೆಲ್ಲರೂ ಒಂದು ದೃಶ್ಯವನ್ನು ಒಮ್ಮೆಯಾದರೂ ಕಂಡಿರುತ್ತಾರೆ. ಮನೆಯಲ್ಲಿ ಕೋಗಿಲೆಯಂತೆ ಹಾಡುತ್ತಿದ್ದ ಮಗು ವೇದಿಕೆಯ ನಡುವೆ ಬಂದು ನಿಲ್ಲುತ್ತದೆ. ಪರದೆ ಸರಿಯುತ್ತದೆ, ದೀಪಗಳು ಬೆಳಗುತ್ತವೆ, ಎದುರಿಗೆ ನೂರಾರು ಮುಖಗಳು ತೋರುತ್ತವೆ. ಮಗುವಿನ ನಾಲಗೆ ಒಣಗುತ್ತದೆ; ನೂರು ಸಲ ಹಾಡಿದ ಹಾಡಿನ ಮೊದಲ ಪದವೇ ಮರೆತುಹೋಗುತ್ತದೆ. ಉಪಾಧ್ಯಾಯಿನಿ ಪರದೆಯ ಮರೆಯಿಂದ ಸಾಲನ್ನು ಪಿಸುಗುಟ್ಟುತ್ತಾರೆ, ತಾಯಿ ಸಭೆಯಲ್ಲಿ ಕುಳಿತಲ್ಲಿಂದಲೇ ತುಟಿಯಾಡಿಸುತ್ತಾಳೆ. ಆದರೂ ಪ್ರಯೋಜನವಾಗುವುದಿಲ್ಲ. ಇದನ್ನು ನಮ್ಮವರು ಸಭಾಕಂಪವೆಂದು ಕರೆದಿದ್ದಾರೆ. ಮನೆಗೆ ಮರಳುವ ದಾರಿಯಲ್ಲಿ ನೆಂಟರಲ್ಲಿ ಯಾರಾದರೊಬ್ಬರು, “ಇವನಿಗೆ ವಿದ್ಯೆಯೇನೋ ಇದೆ, ಧೈರ್ಯವಿಲ್ಲ, ಇನ್ನೇನು ಪ್ರಯೋಜನ?” ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಧೈರ್ಯವಿಲ್ಲದ ವಿದ್ಯೆಯು ನಿಜವಾಗಿಯೂ ನಿಷ್ಪ್ರಯೋಜಕವೆ? ಸಭೆಯನ್ನು ಎದುರಿಸಲಾರದವನು ಕಲೆಯನ್ನೇ ಬಿಟ್ಟುಬಿಡಬೇಕೆ? ಈ ಪ್ರಶ್ನೆಗೆ ಆಂಗ್ಲ ಸಂಗೀತಗಾರನೊಬ್ಬನ ಬಾಳು ಸೊಗಸಾದ ಉತ್ತರವನ್ನು ಕೊಡುತ್ತದೆ. ಆತನ ಹೆಸರು ಆಂಥೊನಿ ಫಿಲಿಪ್ಸ್. ೧೯೮೧ರಲ್ಲಿ ಹೊರಬಂದ ‘೧೯೮೪’ ಎಂಬ ಆತನ ಧ್ವನಿಮುದ್ರಿಕೆಯನ್ನು ಕೇಳಿದವರು ಹೆಚ್ಚಿಲ್ಲ. ಆದರೆ ಆತ ಕಟ್ಟಲು ನೆರವಾಗಿ, ಅರ್ಧದಲ್ಲಿ ಬಿಟ್ಟುಬಂದ ವಾದ್ಯಗೋಷ್ಠಿಯ ಹೆಸರು ಇಂದು ಲೋಕವಿಖ್ಯಾತ.

ಶಾಲೆಯ ಗೆಳೆಯರು

ಇಂಗ್ಲೆಂಡಿನ ಸರೀ ಪ್ರಾಂತ್ಯದ ಗೊಡಾಲ್ಮಿಂಗ್ ಎಂಬ ಊರಿನಲ್ಲಿ ಚಾರ್ಟರ್‌ಹೌಸ್ ಎಂಬ ಹಳೆಯ, ಪ್ರತಿಷ್ಠಿತ ವಸತಿಶಾಲೆಯಿದೆ. ೧೯೬೦ರ ದಶಕದ ನಡುಭಾಗದಲ್ಲಿ ಅಲ್ಲಿ ಓದುತ್ತಿದ್ದ ಹುಡುಗರಲ್ಲಿ ಕೆಲವರಿಗೆ ಸಂಗೀತದ ಹುಚ್ಚು ಹಿಡಿಯಿತು. ಪೀಟರ್ ಗೇಬ್ರಿಯಲ್, ಟೋನಿ ಬ್ಯಾಂಕ್ಸ್, ಮೈಕ್ ರುದರ್‌ಫರ್ಡ್ ಮತ್ತು ೧೯೫೧ರಲ್ಲಿ ಹುಟ್ಟಿದ ಆಂಥೊನಿ ಫಿಲಿಪ್ಸ್ ಅವರಲ್ಲಿ ಮುಖ್ಯರು. ೧೯೬೭ರಲ್ಲಿ ಇವರು ಒಟ್ಟುಗೂಡಿ ಕಟ್ಟಿದ ಗೋಷ್ಠಿಗೆ ಜೆನೆಸಿಸ್ ಎಂದು ಹೆಸರಾಯಿತು. ೧೯೬೯ರಲ್ಲಿ ಮೊದಲ ಧ್ವನಿಮುದ್ರಿಕೆ ಬಂದಿತು, ಕೊಳ್ಳುವವರು ದೊರೆಯಲಿಲ್ಲ. ಹುಡುಗರು ಎದೆಗುಂದಲಿಲ್ಲ. ಗೆಳೆಯನೊಬ್ಬನ ತಂದೆತಾಯಿಯರಿಗೆ ಸೇರಿದ ಹಳ್ಳಿಮನೆಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ ಹಗಲಿರುಳು ಅಭ್ಯಾಸ ಮಾಡಿದರು.

ಇವರು ಆರಿಸಿಕೊಂಡ ದಾರಿಯನ್ನು ಮುಂದೆ ಪ್ರೊಗ್ರೆಸಿವ್ ರಾಕ್ ಎಂದು ಕರೆದರು. ಅದುವರೆಗೆ ರಾಕ್ ಸಂಗೀತವೆಂದರೆ ಬಹುಮಟ್ಟಿಗೆ ಮೂರು ನಿಮಿಷದ ಹಾಡು: ಒಂದು ಪಲ್ಲವಿ, ಎರಡು ಚರಣ, ಕಾಲು ಕುಣಿಸುವ ತಾಳ. ಹೊಸಬರಿಗೆ ಅಷ್ಟು ಸಾಲದಾಯಿತು. ಅವರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಿಸ್ತಾರವನ್ನು, ಜಾನಪದ ಗೀತೆಗಳ ಮಾಧುರ್ಯವನ್ನು, ಜಾಜ್ ಸಂಗೀತದ ಲಯವೈಚಿತ್ರ್ಯವನ್ನು ರಾಕಿನೊಳಗೆ ತಂದರು. ಒಂದೊಂದು ರಚನೆ ಹತ್ತು, ಇಪ್ಪತ್ತು ನಿಮಿಷಗಳವರೆಗೆ ಬೆಳೆಯಿತು. ಕೆಲವೊಮ್ಮೆ ಗ್ರಾಮಫೋನ್ ತಟ್ಟೆಯ ಒಂದು ಮುಖವನ್ನೆಲ್ಲ ಒಂದೇ ರಚನೆ ತುಂಬಿತು. ಭಾವಗೀತೆಯಲ್ಲಿ ಪಳಗಿದ ಕೈ ಮಹಾಕಾವ್ಯಕ್ಕೆ ತೊಡಗಿದಂತೆ ಎನ್ನಬಹುದು. ಮಹಾಕಾವ್ಯಗಳಲ್ಲಿರುವಂತೆ ಇಲ್ಲಿಯೂ ಬೇಸರ ಬರಿಸುವ ಅಷ್ಟಾದಶ ವರ್ಣನೆಗಳು ಉಂಟು. ಆದರೆ ಹಿಡಿದ ತಾಳ್ಮೆಗೆ ತಕ್ಕ ಫಲವೂ ಉಂಟು.

ಗೋಷ್ಠಿಯಿಂದ ಹೊರಗೆ

ಫಿಲಿಪ್ಸ್ ಗಿಟಾರ್ ನುಡಿಸುತ್ತಿದ್ದ. ಹನ್ನೆರಡು ತಂತಿಯ ಗಿಟಾರಿನಲ್ಲಿ ಆತನೂ ರುದರ್‌ಫರ್ಡನೂ ಜೊತೆಯಾಗಿ ನೇಯುತ್ತಿದ್ದ ಸೂಕ್ಷ್ಮವಾದ ನಾದವು ಆ ಗೋಷ್ಠಿಯ ಮೊದಲ ಗುರುತಾಗಿತ್ತು. ೧೯೭೦ರ ಬೇಸಗೆಯಲ್ಲಿ ‘ಟ್ರೆಸ್‌ಪಾಸ್’ ಎಂಬ ಎರಡನೆಯ ಮುದ್ರಿಕೆ ಸಿದ್ಧವಾಯಿತು. ಊರೂರಿನ ಕಚೇರಿಗಳು ಪ್ರಾರಂಭವಾಗಿದ್ದವು. ಕೀರ್ತಿ ಇನ್ನೂ ಬಂದಿರಲಿಲ್ಲವಾದರೂ ಬರುವ ಸೂಚನೆ ಕಾಣುತ್ತಿತ್ತು.

ಆಗಲೇ ಭಯವು ಬಂದು ಹಿಡಿಯಿತು. ಗೆಳೆಯರ ನಡುವೆ ಕುಳಿತು ನುಡಿಸುವಾಗ ಇಲ್ಲದ ನಡುಕ ವೇದಿಕೆಯ ಮೇಲೆ ಬರತೊಡಗಿತು. ಕಚೇರಿಯಿಂದ ಕಚೇರಿಗೆ ಅದು ಕಡಮೆಯಾಗುವ ಬದಲು ಹೆಚ್ಚಿತು. ಅದರ ಮೇಲೆ ಶ್ವಾಸಕೋಶದ ಕಾಯಿಲೆಯೂ ಸೇರಿತು. ಗೋಷ್ಠಿಯನ್ನು ಬಿಡುವುದು ಮೇಲೆಂದು ವೈದ್ಯರ ಸಲಹೆಯಾಯಿತು. ಜುಲೈ ತಿಂಗಳಲ್ಲಿ ಫಿಲಿಪ್ಸ್ ಹೊರಬಂದ. ಆಗ ಆತನಿಗೆ ವಯಸ್ಸು ಹದಿನೆಂಟು.

ಉಳಿದವರಿಗೆ ಇದು ಸಿಡಿಲೆರಗಿದಂತಾಯಿತು. ಗೋಷ್ಠಿಯನ್ನೇ ಮುಚ್ಚಿಬಿಡುವ ಯೋಚನೆ ಆ ದಿನಗಳಲ್ಲಿ ತಮಗೆ ಬಂದಿತ್ತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಆದರೆ ಮುಚ್ಚಲಿಲ್ಲ. ಮರುತಿಂಗಳು ಫಿಲ್ ಕಾಲಿನ್ಸ್ ಎಂಬ ತರುಣ ಡ್ರಮ್ ನುಡಿಸಲು ಬಂದ. ಮುಂದಿನ ವರ್ಷದ ಆರಂಭದಲ್ಲಿ ಸ್ಟೀವ್ ಹ್ಯಾಕೆಟ್ ಗಿಟಾರ್ ಹಿಡಿದ. ಜೆನೆಸಿಸ್ ಬೆಳೆಯಿತು, ದೊಡ್ಡ ದೊಡ್ಡ ಸಭಾಂಗಣಗಳನ್ನೂ ಕ್ರೀಡಾಂಗಣಗಳನ್ನೂ ತುಂಬಿತು.

ಇತ್ತ ಫಿಲಿಪ್ಸ್ ಏನು ಮಾಡಿದ? ಓದಲು ಕುಳಿತ. ತಾನು ಕಿವಿಯಿಂದ ಕಲಿತ ಸಂಗೀತಕ್ಕೆ ಶಾಸ್ತ್ರದ ತಳಹದಿ ಇಲ್ಲವೆಂಬ ಅರಿವು ಆತನಿಗಿತ್ತು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯಲ್ಲಿ ಶಾಸ್ತ್ರೀಯ ಗಿಟಾರನ್ನೂ ವಾದ್ಯವೃಂದಕ್ಕೆ ಸಂಗೀತ ಬರೆಯುವ ಕ್ರಮವನ್ನೂ ಅಭ್ಯಾಸ ಮಾಡಿದ, ಪಿಯಾನೋ ಕಲಿತ, ಮಕ್ಕಳಿಗೆ ಸಂಗೀತದ ಪಾಠ ಹೇಳಿದ. ಹಳೆಯ ಗೆಳೆಯರು ಖಂಡದಿಂದ ಖಂಡಕ್ಕೆ ಸಂಚರಿಸುತ್ತಿದ್ದ ವರ್ಷಗಳಲ್ಲಿ ಈತನ ದಿನಗಳು ಪಾಠ ಮತ್ತು ಸಾಧನೆಯಲ್ಲಿ ಕಳೆದವು.

ಅಸೂಯೆಗೆ ಇಲ್ಲಿ ಸಾಕಷ್ಟು ಎಡೆಯಿತ್ತು. ಆದರೆ ಗೆಳೆತನ ಕೆಡಲಿಲ್ಲ. ೧೯೭೪ರಲ್ಲಿ ರುದರ್‌ಫರ್ಡನೊಡನೆ ಆರಂಭಿಸಿದ ಕೆಲಸವು, ಆತನಿಗೆ ಜೆನೆಸಿಸ್ ಪ್ರವಾಸಗಳಿಂದ ಬಿಡುವಾದಾಗಲೆಲ್ಲ ಮುಂದುವರಿದು, ೧೯೭೭ರಲ್ಲಿ ‘ದಿ ಗೀಸ್ ಅಂಡ್ ದಿ ಘೋಸ್ಟ್’ ಎಂಬ ಫಿಲಿಪ್ಸನ ಮೊದಲ ಸ್ವಂತ ಮುದ್ರಿಕೆಯಾಗಿ ಹೊರಬಂದಿತು. ಅದರಲ್ಲಿ ಎರಡು ಹಾಡುಗಳನ್ನು ಹಾಡಿದವನು ಬೇರೆ ಯಾರೂ ಅಲ್ಲ, ಅದೇ ಫಿಲ್ ಕಾಲಿನ್ಸ್.

ಆದರೆ ಕಾಲವು ಪ್ರತಿಕೂಲವಾಗಿತ್ತು. ೧೯೭೬–೭೭ರಲ್ಲಿ ಇಂಗ್ಲೆಂಡಿನಲ್ಲಿ ಪಂಕ್ ಸಂಗೀತದ ಬಿರುಗಾಳಿ ಬೀಸಿತು. ಮೂರು ಸ್ವರಮೇಳ ಬಲ್ಲ ಹುಡುಗನೂ ಗಿಟಾರ್ ಹಿಡಿದು ಸಿಟ್ಟಿನಿಂದ ಕೂಗಬಹುದೆಂದು ಅದು ಸಾರಿತು. ಇಪ್ಪತ್ತು ನಿಮಿಷದ ರಚನೆಗಳು ಹಾಸ್ಯಾಸ್ಪದವಾದವು. ಮುದ್ರಿಕೆಯ ಕಂಪೆನಿಗಳಿಗೆ ಚಿಕ್ಕ ಹಾಡುಗಳು ಬೇಕಾದವು. ಫಿಲಿಪ್ಸ್ ಹಾಡುಗಳನ್ನೂ ಬರೆದು ನೋಡಿದ. ದೊಡ್ಡ ಗೆಲುವು ದೊರೆಯಲಿಲ್ಲ. ಆಗ ಆತ ಮಾರುಕಟ್ಟೆಯ ಕಡೆಗೆ ಬೆನ್ನು ತಿರುಗಿಸಿ, ಮನೆಯಲ್ಲಿ ಒಂದು ಕೀಲಿಮಣೆಯ ಮುಂದೆ ಕುಳಿತ.

ಎಪ್ಪತ್ತೊಂದು ಕೀಲಿಗಳ ಯಂತ್ರ

ಆ ವಾದ್ಯದ ವಿಷಯವನ್ನು ಸ್ವಲ್ಪ ಹೇಳಬೇಕು. ಏಕೆಂದರೆ ಅದಿಲ್ಲದೆ ಈ ಕಥೆಯಿಲ್ಲ.

ವಿದ್ಯುತ್ತಿನ ಆಂದೋಲನದಿಂದ ನಾದವನ್ನು ಹುಟ್ಟಿಸುವ ಯಂತ್ರಕ್ಕೆ ಸಿಂಥಸೈಸರ್ ಎಂದು ಹೆಸರು. ಅದರ ಪಿತಾಮಹರಲ್ಲಿ ಒಬ್ಬನಾದ ಅಮೆರಿಕದ ರಾಬರ್ಟ್ ಮೋಗ್ ತನ್ನ ಮೊದಲ ಯಂತ್ರವನ್ನು ೧೯೬೪ರಲ್ಲಿ ಪ್ರದರ್ಶಿಸಿದ. ೧೯೭೦ರಲ್ಲಿ ಬಂದ ಮಿನಿಮೋಗ್, ಕಚೇರಿಗೆ ಹೊತ್ತೊಯ್ಯಬಹುದಾದಷ್ಟು ಚಿಕ್ಕದು. ಅದರ ನಾದ ಘನವಾದದ್ದು; ಆದರೆ ಒಂದು ಕೊರತೆಯಿತ್ತು. ಅದರಲ್ಲಿ ಒಂದು ಹೊತ್ತಿಗೆ ಒಂದೇ ಸ್ವರ ನುಡಿಯುತ್ತಿತ್ತು. ನಮ್ಮ ಸಂಗೀತಕ್ಕೆ ಇದು ಕೊರತೆಯೇ ಅಲ್ಲ. ಕೊಳಲು, ನಾಗಸ್ವರಗಳೂ ಒಂದು ಹೊತ್ತಿಗೆ ಒಂದೇ ಸ್ವರ ನುಡಿಯುತ್ತವೆ. ಆದರೆ ಹಲವು ಸ್ವರಗಳನ್ನು ಒಟ್ಟಿಗೆ ಹೊಂದಿಸುವುದರ ಮೇಲೆಯೇ ನಿಂತಿರುವ ಪಾಶ್ಚಾತ್ಯ ಸಂಗೀತಕ್ಕೆ ಇದು ಒಂದು ಕೈ ಕಟ್ಟಿದಂತೆಯೇ ಸರಿ.

ಈ ಕಟ್ಟನ್ನು ಬಿಚ್ಚಲು ಮೋಗ್ ಕಂಪೆನಿಯವರು ೧೯೭೫ರಲ್ಲಿ ಪಾಲಿಮೋಗ್ ಎಂಬ ವಾದ್ಯವನ್ನು ಹೊರತಂದರು. ಅದರ ಹಿಂದಿನ ಉಪಾಯ ಸರಳ. ಒಂದು ಸ್ವರದ ಕಂಪನಸಂಖ್ಯೆಯನ್ನು ಅರ್ಧಮಾಡಿದರೆ ಅದೇ ಸ್ವರ ಒಂದು ಸ್ಥಾಯಿ ಕೆಳಗೆ ದೊರೆಯುತ್ತದೆ. ಸೆಕೆಂಡಿಗೆ ೪೪೦ ಕಂಪನಗಳ ಸ್ವರವು ೨೨೦ ಆದರೆ ಮಂದ್ರಕ್ಕೆ ಇಳಿಯಿತು. ೧೧೦ ಆದರೆ ಇನ್ನೂ ಕೆಳಕ್ಕೆ. ಹೀಗಾಗಿ ಎಲ್ಲಕ್ಕಿಂತ ಮೇಲಿನ ಸ್ಥಾಯಿಯ ಹನ್ನೆರಡು ಸ್ವರಗಳನ್ನು ಹುಟ್ಟಿಸಿ, ಅವನ್ನೇ ಮತ್ತೆ ಮತ್ತೆ ಎರಡರಿಂದ ಭಾಗಿಸುತ್ತ ಹೋದರೆ ಕೀಲಿಮಣೆಯ ಎಲ್ಲ ಸ್ವರಗಳೂ ಏಕಕಾಲದಲ್ಲಿ ಸಿದ್ಧವಾಗಿರುತ್ತವೆ. ವಿದ್ಯುತ್ ಆರ್ಗನ್ನುಗಳಲ್ಲಿ ಈ ಕ್ರಮ ಮೊದಲೇ ಇತ್ತು. ಪಾಲಿಮೋಗ್‌ನಲ್ಲಿ ಹೊಸದೆಂದರೆ, ಅದರ ೭೧ ಕೀಲಿಗಳಲ್ಲಿ ಒಂದೊಂದಕ್ಕೂ ತನ್ನದೇ ಆದ ಪುಟ್ಟ ವಿದ್ಯುನ್ಮಂಡಲವಿತ್ತು. ಸ್ವರವು ಹೇಗೆ ಏಳಬೇಕು, ಹೇಗೆ ಕರಗಬೇಕು, ಬೆರಳು ಮೆಲ್ಲನೆ ಬಿದ್ದರೆ ಎಷ್ಟು, ಬಲವಾಗಿ ಬಿದ್ದರೆ ಎಷ್ಟು ಎಂಬುದನ್ನು ಪ್ರತಿಯೊಂದು ಕೀಲಿಯೂ ಬೇರೆಬೇರೆಯಾಗಿ ನಿರ್ಧರಿಸುತ್ತಿತ್ತು. ಎರಡು ಕೈಗಳ ಹತ್ತು ಬೆರಳುಗಳನ್ನೂ ಊರಿದರೆ ಪಿಟೀಲುಗಳ ಸಮೂಹವೊಂದು ದೂರದಲ್ಲಿ ಎದ್ದು ನಿಂತಂತೆ ಕೇಳಿಸುತ್ತಿತ್ತು.

ಗುಣದ ಬೆನ್ನಿಗೇ ದೋಷವೂ ಇತ್ತು. ಎಪ್ಪತ್ತೊಂದು ಮಂಡಲಗಳೆಂದರೆ ಕೆಡಲು ಎಪ್ಪತ್ತೊಂದು ಸ್ಥಳಗಳು. ಪಾಲಿಮೋಗ್ ಆಗಾಗ ಕೈಕೊಡುವುದಕ್ಕೆ ಹೆಸರಾಯಿತು. ೧೯೭೮ರಲ್ಲಿ ಕ್ಯಾಲಿಫೋರ್ನಿಯದಿಂದ ಪ್ರಾಫೆಟ್–೫ ಎಂಬ ಯಂತ್ರ ಬಂದಿತು. ಅದರಲ್ಲಿ ಒಟ್ಟಿಗೆ ನುಡಿಯುತ್ತಿದ್ದವು ಐದೇ ಸ್ವರಗಳು. ಆದರೆ ತಿರುಗಣೆಗಳನ್ನು ಹೇಗೆ ಹೊಂದಿಸಿದ್ದೆವೆಂಬುದನ್ನು ಅದು ನೆನಪಿನಲ್ಲಿಟ್ಟುಕೊಂಡು, ಗುಂಡಿಯೊತ್ತಿದೊಡನೆ ಅದೇ ನಾದವನ್ನು ಮರಳಿ ಕೊಡುತ್ತಿತ್ತು. ವಾದಕರು ಅದರತ್ತ ಓಡಿದರು. ೧೯೮೦ರ ವೇಳೆಗೆ ಪಾಲಿಮೋಗ್‌ನ ತಯಾರಿಕೆ ನಿಂತುಹೋಯಿತು.

ಸಭೆಯಿಂದ ಹಿಂದೆ ಸರಿದ ಸಂಗೀತಗಾರ. ಸಭೆಯಿಂದ ಹಿಂದೆ ಸರಿಯುತ್ತಿದ್ದ ವಾದ್ಯ. ಇವೆರಡೂ ಒಂದೇ ಕೋಣೆಯಲ್ಲಿ ಕೂಡಿದವು.

ಒಬ್ಬನೇ ಕೂಡಿಸಿದ ಮೇಳ

ಸರೀ ಪ್ರಾಂತ್ಯದ ಸೆಂಡ್ ಎಂಬ ಹಳ್ಳಿಯಲ್ಲಿ ಸೆಂಡ್ ಬಾರ್ನ್ಸ್ ಎಂಬ ಮನೆ. ‘೧೯೮೪’ ಹುಟ್ಟಿದ್ದು ಅಲ್ಲಿ. ಸಾಧನಗಳು ಹೆಚ್ಚಿರಲಿಲ್ಲ: ಮುಖ್ಯವಾಗಿ ಪಾಲಿಮೋಗ್, ಅದರ ಜೊತೆಗೆ ಎ.ಆರ್.ಪಿ. ೨೬೦೦ ಎಂಬ ಇನ್ನೊಂದು ಸಿಂಥಸೈಸರ್. ಮತ್ತು ಜಪಾನಿನ ರೋಲೆಂಡ್ ಕಂಪೆನಿಯವರು ೧೯೭೮ರಲ್ಲಿ ಹೊರತಂದ ಸಿ.ಆರ್. ೭೮ ಎಂಬ ಚಿಕ್ಕ ತಾಳಪೆಟ್ಟಿಗೆ. ಎ.ಆರ್.ಪಿ. ೨೬೦೦ರ ದನಿಯನ್ನು ನಮ್ಮ ಮನೆಗಳ ಮಕ್ಕಳೂ ಕೇಳಿರಬಹುದು. ೧೯೭೭ರ ‘ಸ್ಟಾರ್ ವಾರ್ಸ್’ ಚಲನಚಿತ್ರದಲ್ಲಿ ಸಿಳ್ಳೆ ಹಾಕಿ ಮಾತನಾಡುವ ಪುಟ್ಟ ಯಂತ್ರಮಾನವನ ಧ್ವನಿಗೆ ಅದನ್ನು ಬಳಸಿದ್ದರು. ಗಿಟಾರ್ ವಾದಕನೆಂದೇ ಹೆಸರಾದ ಫಿಲಿಪ್ಸ್ ಇಲ್ಲಿ ಗಿಟಾರನ್ನು ಅಲ್ಲೊಮ್ಮೆ ಇಲ್ಲೊಮ್ಮೆ ಮಾತ್ರ ಮುಟ್ಟಿದ.

ಒಬ್ಬನೇ ಮನುಷ್ಯ ಮೇಳವನ್ನೆಲ್ಲ ನುಡಿಸುವ ಬಗೆಯನ್ನು ತಿಳಿಯದವರಿಗಾಗಿ ಎರಡು ಮಾತು. ಧ್ವನಿಮುದ್ರಣದ ಟೇಪಿನ ಅಗಲದಲ್ಲಿ ಹಲವು ಜಾಡುಗಳು, ಹೊಲದ ಸಾಲುಗಳಂತೆ, ಪಕ್ಕಪಕ್ಕದಲ್ಲಿರುತ್ತವೆ. ಮೊದಲನೆಯ ಜಾಡಿನಲ್ಲಿ ತಾಳವನ್ನು ತುಂಬುವುದು. ಟೇಪನ್ನು ಹಿಂದಕ್ಕೆ ಸುತ್ತಿ, ಆ ತಾಳವನ್ನು ಕಿವಿಯಲ್ಲಿ ಕೇಳುತ್ತ ಎರಡನೆಯ ಜಾಡಿನಲ್ಲಿ ಮಂದ್ರಸ್ವರಗಳನ್ನು ನುಡಿಸುವುದು. ಮತ್ತೆ ಸುತ್ತಿ, ಎರಡನ್ನೂ ಕೇಳುತ್ತ ಮೂರನೆಯದನ್ನು ಸೇರಿಸುವುದು. ಹೀಗೆ ಪದರದ ಮೇಲೆ ಪದರ. ಬೆರಳು ತಪ್ಪಿದರೆ ಅಳಿಸಿ ಮತ್ತೊಮ್ಮೆ ನುಡಿಸಬಹುದು. ನಗುವವರಿಲ್ಲ, ನಿಟ್ಟುಸಿರು ಬಿಡುವವರಿಲ್ಲ, ಎದ್ದುಹೋಗುವವರಿಲ್ಲ. ಸಭೆಗೆ ಅಂಜುವವನಿಗೆ ಇದಕ್ಕಿಂತ ದಯಾಮಯವಾದ ವಿಧಾನ ಇನ್ನೊಂದಿಲ್ಲ.

ಆದರೆ ಈ ದಯೆಯಲ್ಲಿ ಅಪಾಯವೂ ಇದೆ. ಎದುರಿಗೆ ಯಾರೂ ಇಲ್ಲದಾಗ ಸಾಕೆಂದು ಹೇಳುವವರೂ ಇರುವುದಿಲ್ಲ. ಯಂತ್ರದ ತಾಳವು ತಪ್ಪುವುದಿಲ್ಲ ನಿಜ, ಉಸಿರಾಡುವುದೂ ಇಲ್ಲ. ಫಿಲಿಪ್ಸನಿಗೆ ಇದು ತಿಳಿದಿತ್ತೆಂದು ತೋರುತ್ತದೆ. ೧೯೭೯ರಲ್ಲಿ ರುದರ್‌ಫರ್ಡನ ‘ಸ್ಮಾಲ್‌ಕ್ರೀಪ್ಸ್ ಡೇ’ ಎಂಬ ಮುದ್ರಿಕೆಗಾಗಿ ಕೀಲಿಮಣೆ ನುಡಿಸಿದಾಗ ಮಾರಿಸ್ ಪರ್ಟ್ ಎಂಬ ನಿಪುಣ ತಾಳವಾದಕನ ಪರಿಚಯ ಆತನಿಗಿತ್ತು. ಆತನನ್ನೇ ಕರೆಸಿ ಮರಿಂಬಾ, ಕಾಂಗೋ, ದೊಡ್ಡ ನಗಾರಿ, ಜಾಗಟೆ ಮೊದಲಾದುವನ್ನು ನುಡಿಸಿಸಿದ. ಗೆಳೆಯ ರಿಚರ್ಡ್ ಸ್ಕಾಟ್ ಸಹ ಕೆಲಸದಲ್ಲಿ ಕೈಜೋಡಿಸಿದ. ಮುದ್ರಿಕೆಯನ್ನು ಕೇಳುವಾಗ ತಾಳಪೆಟ್ಟಿಗೆಯ ಒಣ ಟಿಕ್‌ಟಿಕ್ ಶಬ್ದದ ಮೇಲೆ ಮರಿಂಬಾದ ಮರದ ದನಿ ಬಂದು ಬೀಳುವ ಕಡೆಗಳಲ್ಲಿ, ಮುಚ್ಚಿದ ಕೋಣೆಯ ಕಿಟಕಿಯನ್ನು ಯಾರೋ ತೆರೆದಂತಾಗುತ್ತದೆ. ಏಕಾಂತವು ಬೇಕಾದವನಿಗೂ ಒಬ್ಬಿಬ್ಬರು ಮನುಷ್ಯರು ಬೇಕು.

ಮುದ್ರಿಕೆಯ ವಿನ್ಯಾಸ ನೇರವಾದದ್ದು. ಆರಂಭದಲ್ಲಿ ‘ಪ್ರಿಲ್ಯೂಡ್ ೮೪’ ಎಂಬ ಗಂಭೀರವಾದ ಪೀಠಿಕೆ. ಅನಂತರ ‘೧೯೮೪’ ಎಂಬ ದೀರ್ಘ ರಚನೆಯ ಮೊದಲ ಭಾಗ, ಸುಮಾರು ಹತ್ತೊಂಬತ್ತು ನಿಮಿಷ. ತಟ್ಟೆಯನ್ನು ತಿರುವಿದರೆ ಸುಮಾರು ಹದಿನೈದು ನಿಮಿಷದ ಎರಡನೆಯ ಭಾಗ. ಕೊನೆಯಲ್ಲಿ ‘ಆಂಥೆಮ್ ೧೯೮೪’ ಎಂಬ ಚಿಕ್ಕ ಮಂಗಳ. ಕಥೆ ಹೇಳುವ ಹಾಡುಗಳಿಲ್ಲ, ಎಲ್ಲವೂ ವಾದ್ಯಸಂಗೀತ. ಹೆಸರನ್ನು ಓದಿದೊಡನೆ, ನಮ್ಮ ದೇಶದ ಮೋತಿಹಾರಿಯಲ್ಲಿ ೧೯೦೩ರಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ ಬರೆದು ೧೯೪೯ರಲ್ಲಿ ಪ್ರಕಟಿಸಿದ ಕಾದಂಬರಿಯ ನೆನಪಾಗುತ್ತದೆ. ಮನುಷ್ಯನ ಮನೆಯೊಳಗೂ ಸರ್ಕಾರದ ಕಣ್ಣು ಇಣುಕುವ, ಒಬ್ಬನೇ ಇರುವುದೇ ಅಪರಾಧವಾಗುವ ಲೋಕ ಅದು. ಸಂಗೀತದಲ್ಲಿ ಕಾದಂಬರಿಯ ಪ್ರಸಂಗಗಳನ್ನು ಹುಡುಕಬೇಕಾಗಿಲ್ಲ. ಆದರೆ ಸಾವಿರ ಕಣ್ಣುಗಳ ನೋಟವನ್ನು ತಾಳಲಾರದೆ ಮನೆಗೆ ಮರಳಿದವನು ತನ್ನ ಕೃತಿಗೆ ಈ ಹೆಸರನ್ನಿಟ್ಟನೆಂಬುದು ಮನಸ್ಸಿಗೆ ನಾಟದೆ ಹೋಗುವುದಿಲ್ಲ.

ಎರಡು ಮನೆಗಳು

ಈಗ ಈ ಕಥೆಯ ಅತ್ಯಂತ ವಿಚಿತ್ರವಾದ ಅಂಶಕ್ಕೆ ಬರೋಣ.

ಅದೇ ಸರೀ ಪ್ರಾಂತ್ಯದಲ್ಲಿ, ಸೆಂಡ್ ಹಳ್ಳಿಯಿಂದ ಹತ್ತು ಮೈಲಿಯೊಳಗೆ, ಷಾಲ್‌ಫರ್ಡ್ ಎಂಬ ಇನ್ನೊಂದು ಹಳ್ಳಿಯಿದೆ. ಅಲ್ಲಿಯೂ ಒಬ್ಬ ಸಂಗೀತಗಾರ ಅದೇ ಕಾಲದಲ್ಲಿ ತನ್ನ ಮನೆಯ ಕೋಣೆಯಲ್ಲಿ ಒಂಟಿಯಾಗಿ ಕುಳಿತು ಟೇಪಿನ ಮೇಲೆ ಪದರಗಳನ್ನು ಜೋಡಿಸುತ್ತಿದ್ದ. ಆತನ ದಾಂಪತ್ಯ ಆಗತಾನೆ ಒಡೆದಿತ್ತು. ಆತನ ಮುಂದಿದ್ದ ಕೀಲಿಮಣೆ ಹೊಸದಾದ ಪ್ರಾಫೆಟ್–೫. ಆದರೆ ತಾಳಕ್ಕೆ ಇದ್ದುದು ಅದೇ ಸಿ.ಆರ್. ೭೮ ಪೆಟ್ಟಿಗೆ. ಆತ ಫಿಲ್ ಕಾಲಿನ್ಸ್. ಫಿಲಿಪ್ಸ್ ಹೊರಟುಹೋದ ಮರುತಿಂಗಳು ಜೆನೆಸಿಸ್ ಸೇರಿದ ತರುಣ.

೧೯೮೧ರ ಜನವರಿಯಲ್ಲಿ ಕಾಲಿನ್ಸನ ‘ಇನ್ ದಿ ಏರ್ ಟುನೈಟ್’ ಎಂಬ ಹಾಡೂ, ಫೆಬ್ರವರಿಯಲ್ಲಿ ‘ಫೇಸ್ ವ್ಯಾಲ್ಯೂ’ ಎಂಬ ಮುದ್ರಿಕೆಯೂ ಹೊರಬಂದವು. ಹಾಡಿನ ಆರಂಭದಲ್ಲಿ ಕೇಳುವುದು ಆ ತಾಳಪೆಟ್ಟಿಗೆಯ ಸಪ್ಪಳವೇ. ಮುದ್ರಿಕೆ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು; ಕಾಲಿನ್ಸ್ ಲೋಕದ ಅತಿ ಪ್ರಸಿದ್ಧ ಗಾಯಕರಲ್ಲಿ ಒಬ್ಬನಾದ. ಅದೇ ವರ್ಷದ ಜೂನ್ ತಿಂಗಳಲ್ಲಿ ಫಿಲಿಪ್ಸನ ‘೧೯೮೪’ ಹೊರಬಂದಿತು. ಸದ್ದಾಗಲಿಲ್ಲ.

ಒಂದೇ ಪ್ರಾಂತ್ಯ, ಒಂದೇ ಕಾಲ, ಒಂದೇ ತಾಳಪೆಟ್ಟಿಗೆ. ಎರಡೂ ಮನೆಯ ಕೋಣೆಯಲ್ಲಿ ಮೊಳೆತ ಕೃತಿಗಳು. ಒಂದು ಮಾರುಕಟ್ಟೆಯನ್ನು ಗೆದ್ದಿತು. ಇನ್ನೊಂದು ಮೂಲೆಯಲ್ಲಿ ಉಳಿಯಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕಾಲಿನ್ಸನದು ಮನುಷ್ಯಕಂಠದ ಹಾಡು, ಎದೆಗೆ ನೇರವಾಗಿ ತಾಗುವ ದುಃಖ. ಅದನ್ನು ವೇದಿಕೆಗೆ ಒಯ್ಯುವ ಶಕ್ತಿ ಆತನಿಗಿತ್ತು. ಫಿಲಿಪ್ಸನದು ಮಾತಿಲ್ಲದ, ದೀರ್ಘವಾದ, ತಾಳ್ಮೆ ಬೇಡುವ ರಚನೆ; ಅದರ ಹಿಂದೆ ಊರೂರು ಸುತ್ತುವ ಶರೀರವಿರಲಿಲ್ಲ. ನ್ಯಾಯ ಅನ್ಯಾಯದ ಪ್ರಶ್ನೆ ಇಲ್ಲಿಲ್ಲ. ಕಾಲಿನ್ಸನ ಗೆಲುವಿನಿಂದ ಫಿಲಿಪ್ಸನ ಕೃತಿಯ ಒಂದು ಸ್ವರವೂ ಕಡಮೆಯಾಗಲಿಲ್ಲ.

‘೧೯೮೪’ ನಿರ್ದೋಷವಾದ ಕೃತಿಯೆಂದು ನಾನು ಹೇಳಲಾರೆ. ಕೆಲವು ಕಡೆ ಅದು ಬೇಕಾದುದಕ್ಕಿಂತ ಹೆಚ್ಚು ಬೆಳೆದಿದೆ. ಕೆಲವು ನಾದಗಳು ಇಂದಿನ ಕಿವಿಗೆ ಆಟಿಕೆಯಂತೆ ಕೇಳಬಹುದು. ಆದರೆ ರಾತ್ರಿ ಊಟವಾದ ಮೇಲೆ ದೀಪವಾರಿಸಿ ಕುಳಿತು ಕೇಳಿದರೆ ಬೇರೊಂದು ಅನುಭವವಾಗುತ್ತದೆ. ಯಾರನ್ನೂ ಮೆಚ್ಚಿಸುವ ಆತುರವಿಲ್ಲದ ಮನಸ್ಸೊಂದು ತನ್ನ ಪಾಡಿಗೆ ತಾನು ಯೋಚಿಸುತ್ತಿರುವುದನ್ನು ಪಕ್ಕದ ಕೋಣೆಯಿಂದ ಕೇಳಿದಂತೆ ತೋರುತ್ತದೆ. ಸಭೆಯನ್ನು ನೆನೆದು ಕಟ್ಟಿದ ಸಂಗೀತದಲ್ಲಿ ಈ ಗುಣ ಬರುವುದು ಅಪರೂಪ.

ಫಿಲಿಪ್ಸ್ ಆಮೇಲೆಯೂ ನಿಲ್ಲಲಿಲ್ಲ. ದೂರದರ್ಶನದ ಕಾರ್ಯಕ್ರಮಗಳಿಗೆ ಹಿನ್ನೆಲೆಯ ಸಂಗೀತ ಒದಗಿಸಿ ಜೀವನ ನಡೆಸಿದ. ಗಿಟಾರ್ ಮತ್ತು ಪಿಯಾನೋದ ಚಿಕ್ಕ ಚಿಕ್ಕ ರಚನೆಗಳ ಮಾಲೆಯನ್ನೇ ಹೊರತಂದ. ೧೯೯೦ರಲ್ಲಿ ‘ಸ್ಲೋ ಡಾನ್ಸ್’ ಎಂಬ ಇನ್ನೊಂದು ದೀರ್ಘ ವಾದ್ಯಕೃತಿಯನ್ನು ಕೊಟ್ಟ. ‘೧೯೮೪’ ಮಾರಾಟದ ಲೆಕ್ಕದಲ್ಲಿ ಸೋತಿತಾದರೂ ಸಾಯಲಿಲ್ಲ. ಅದನ್ನು ಪ್ರೀತಿಸುವ ಕೆಲವರು ಉಳಿದಿದ್ದರು. ಅಂಥವರಿಗಾಗಿಯೇ ೨೦೧೬ರಲ್ಲಿ, ಹೊರಬಂದ ಮೂವತ್ತೈದು ವರ್ಷಗಳ ಮೇಲೆ, ಅದರ ಹೊಸ ಆವೃತ್ತಿ ಪ್ರಕಟವಾಯಿತು.

ವಾರ್ಷಿಕೋತ್ಸವದ ರಾತ್ರಿ ಅಳುತ್ತ ಮನೆಗೆ ಬರುವ ಮಗುವಿನ ವಿಷಯಕ್ಕೆ ಮರಳೋಣ. ಭಯವನ್ನು ಗೆಲ್ಲಲು ಆ ಮಗುವಿಗೆ ನೆರವಾಗಬೇಕಾದುದು ಸರಿ, ಬಹುಮಂದಿ ಗೆಲ್ಲುತ್ತಾರೆ. ಗೆಲ್ಲಲಾರದವರೂ ಇರುತ್ತಾರೆ. ಅಂಥ ಮಗುವಿನ ಮುಂದೆ “ಇನ್ನೇನು ಪ್ರಯೋಜನ?” ಎಂಬ ಮಾತನ್ನು ಆಡುವ ಮೊದಲು ಹದಿನೆಂಟನೆಯ ವಯಸ್ಸಿನಲ್ಲಿ ವೇದಿಕೆಯಿಂದ ಇಳಿದ ಈ ಹುಡುಗನನ್ನು ನೆನೆಯಬೇಕು. ಆತ ವೇದಿಕೆಯನ್ನು ಬಿಟ್ಟ, ಸಂಗೀತವನ್ನು ಬಿಡಲಿಲ್ಲ. ಮಾರನೆಯ ಬೆಳಗ್ಗೆ ಆ ಮಗು ಒಳಕೋಣೆಯ ಬಾಗಿಲನ್ನು ಓರೆಮಾಡಿಕೊಂಡು ಅದೇ ಹಾಡನ್ನು ತನ್ನಷ್ಟಕ್ಕೆ ಹಾಡಿಕೊಳ್ಳುವುದು ಕೇಳಿಸಿದರೆ, ದಯವಿಟ್ಟು ಆ ಬಾಗಿಲನ್ನು ತಟ್ಟಬೇಡಿ.